ಡೆಲ್ಫ್ಟ್ ನೋಡಲು ಅರ್ಧ ದಿನ ಸಾಕಾ?

ನೀರಾವರಿ ನಿವೃತ್ತ:

ಎಲ್ಲರಿಗೂ ನಮಸ್ಕಾರ. ಮಗಳಿಗೆ ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದೆ. ಎರಡು ವರ್ಷದ ಓದು, ನೀರಿನ ಎಂಜಿನಿಯರಿಂಗ್. ನಾನು ಮೂವತ್ತೊಂದು ವರ್ಷ ಭದ್ರಾ ನಾಲೆಯ ಏರಿ ಮೇಲೆ ಓಡಾಡಿ ನಿವೃತ್ತನಾದವನು. ಮಗಳಿಗೆ ಈ ಹುಚ್ಚು ಹಿಡಿಸಿದ್ದು ನಾನೇ ಅಂತ ಮನೆಯವರ ದೂರು. ಇರಲಿ.

ಅಕ್ಟೋಬರ್‌ನಲ್ಲಿ ನಾವಿಬ್ಬರೂ ಹತ್ತು ದಿನ ಹೋಗಿ ಬರುತ್ತೇವೆ. ಟಿಕೆಟ್ ಮಾಡಿಸಲು ಹೋದಾಗ ಅಲ್ಲಿನ ಹುಡುಗ ಒಂದು ಪಟ್ಟಿ ಕೊಟ್ಟ. ಆಮ್‌ಸ್ಟರ್‌ಡ್ಯಾಮ್ ಮೂರು ದಿನ, ಪ್ಯಾರಿಸ್ ಮೂರು ದಿನ, ಡೆಲ್ಫ್ಟ್‌ಗೆ ಅರ್ಧ ದಿನ. "ಒಂದು ಚರ್ಚು, ಒಂದು ನೀಲಿ ತಟ್ಟೆ ಅಂಗಡಿ, ಅಷ್ಟೇ ಸರ್ ಅಲ್ಲಿರೋದು" ಅಂದ. ಮಗಳು ಎರಡು ವರ್ಷ ಇರುವ ಊರಿಗೆ ಅರ್ಧ ದಿನವಾ? ನನಗೆ ಸರಿ ಅನ್ನಿಸಲಿಲ್ಲ.

ನೋಡುವ ಜಾಗಗಳ ಪಟ್ಟಿ ನನಗೆ ಬೇಡ. ಅದು ಎಲ್ಲ ಕಡೆ ಸಿಗುತ್ತದೆ. ಊರಿಗೊಂದು ಗುಣ ಅಂತ ಇರುತ್ತದಲ್ಲ, ಅದು ಬೇಕು. ದಾವಣಗೆರೆಯಲ್ಲಿ ಹತ್ತಿ ಮಿಲ್ಲುಗಳು ಮುಚ್ಚಿ ಎಷ್ಟೋ ವರ್ಷವಾಯಿತು. ಆದರೂ ಹಳಬರ ಮಾತಿನಲ್ಲಿ ಮಿಲ್ಲಿನ ಸೈರನ್ನು ಇನ್ನೂ ಕೂಗುತ್ತದೆ. ಹಾಗೆ ಡೆಲ್ಫ್ಟ್ ಎಂಥ ಊರು? ಇದ್ದು ಬಂದವರು ಹೇಳಿ.

ಎರಡನೇ ಪ್ರಶ್ನೆ ಮನೆಯವರದ್ದು. ಚಪಾತಿಗೆ ಒಳ್ಳೆ ಹಿಟ್ಟು ಸಿಗುತ್ತಾ?

ಐಂಡ್‌ಹೋವನ್ ಹುಡುಗ:

ಸರ್, ಬೇಜಾರು ಮಾಡಿಕೊಳ್ಳಬೇಡಿ, ಆ ಹುಡುಗ ಹೇಳಿದ್ದು ಪೂರ್ತಿ ತಪ್ಪಲ್ಲ. ಡೆಲ್ಫ್ಟ್ ಸಣ್ಣ ಊರು. ಒಂದು ಲಕ್ಷದ ಮೇಲೆ ಸ್ವಲ್ಪ ಜನ. ಹಳೇ ಊರನ್ನು ಈ ತುದಿಯಿಂದ ಆ ತುದಿಗೆ ಇಪ್ಪತ್ತೈದು ನಿಮಿಷದಲ್ಲಿ ನಡೆದುಬಿಡಬಹುದು. ನಾನು ಮೂರು ಸಲ ಹೋಗಿದ್ದೇನೆ. ಪ್ರತಿ ಸಲವೂ ಊರಿಂದ ಬಂದ ನೆಂಟರನ್ನು ಕರೆದುಕೊಂಡು. ಚೌಕದಲ್ಲಿ ಫೋಟೋ, ಕಾಲುವೆ ಪಕ್ಕ ಫೋಟೋ, ತಟ್ಟೆ ಅಂಗಡಿಯಲ್ಲಿ ಬೆಲೆ ಕೇಳಿ ಗಾಬರಿ, ವಾಪಸ್ ರೈಲು. ಹೇಗ್ ಪಕ್ಕದಲ್ಲೇ ಇದೆ. ಉಳಿದ ಹೊತ್ತು ಅಲ್ಲಿ ಕಳೆಯಿರಿ.

ಹಿಟ್ಟಿನ ಬಗ್ಗೆ ಚಿಂತೆ ಬೇಡ. ಎಲ್ಲ ದೊಡ್ಡ ಊರಲ್ಲೂ ನಮ್ಮವರ ಅಂಗಡಿ ಇದೆ.

ಮಲ್ನಾಡ್ ಮಳೆ:

ಸರ್, ಅರ್ಧ ದಿನ ಅನ್ನುವವರ ಜತೆ ನನ್ನ ಜಗಳ ಹಳೆಯದು. ಐಂಡ್‌ಹೋವನ್ ತಮ್ಮ, ಮೂರು ಸಲವೂ ನೆಂಟರ ಮುಖ ನೋಡಿದ್ದೀರಿ, ಊರು ನೋಡಿಲ್ಲ!

ನಾನು 2011ರಿಂದ 2016ರವರೆಗೆ ಅಲ್ಲಿದ್ದೆ. ಗಂಡನದು ಪಿಎಚ್‌ಡಿ. ನನಗೆ ಡಚ್ ಬರುತ್ತಿರಲಿಲ್ಲ, ಕೆಲಸ ಸಿಗಲಿಲ್ಲ. ಮೊದಲ ಎರಡು ವರ್ಷ ನಡೆಯುವುದೇ ನನ್ನ ಉದ್ಯೋಗ. ಹಾಗಾಗಿ ಇದು ಕಾಲಿನಿಂದ ಕಲಿತ ಇತಿಹಾಸ ಅಂದುಕೊಳ್ಳಿ.

ನಮ್ಮ ಮನೆ ಒಂದು ಕಾಲುವೆಯ ಪಕ್ಕ, ಮೇಲಿನ ಮಹಡಿಯಲ್ಲಿ. ಮೆಟ್ಟಿಲು ಅಂದರೆ ಮೆಟ್ಟಿಲಲ್ಲ, ನಮ್ಮ ಕಡೆ ಅಟ್ಟ ಹತ್ತುವ ಏಣಿ. ಪಾದ ಅಡ್ಡ ಇಟ್ಟು ಹತ್ತಬೇಕು. ವಾಷಿಂಗ್ ಮಷೀನ್ ಬಂದ ದಿನ ಅದನ್ನು ಮೇಲೆ ಹೇಗೆ ತರುತ್ತಾರೆ ಅಂತ ನಾನು ಚಿಂತೆ ಮಾಡುತ್ತಾ ನಿಂತಿದ್ದೆ. ಬಂದವರು ಮೆಟ್ಟಿಲ ಕಡೆ ನೋಡಲೂ ಇಲ್ಲ. ಮನೆಯ ನೆತ್ತಿಯಲ್ಲಿ ಒಂದು ತೊಲೆ ಹೊರಗೆ ಚಾಚಿಕೊಂಡಿರುತ್ತದೆ, ಅದಕ್ಕೊಂದು ಕೊಕ್ಕೆ. ಹಗ್ಗ, ರಾಟೆ ಹಾಕಿದರು, ಮಷೀನನ್ನು ಬಾವಿಯಿಂದ ಕೊಡ ಎಳೆದ ಹಾಗೆ ಎಳೆದು ಕಿಟಕಿಯಿಂದ ಒಳಗೆ ತೂರಿಸಿದರು. ಹಿಂದೆ ಇದೇ ಥರದ ಕೊಕ್ಕೆಗಳಿಂದ ಅಟ್ಟಕ್ಕೆ ಮೂಟೆ ಏರಿಸುತ್ತಿದ್ದರಂತೆ. ಅಲ್ಲಿಂದ ನಾನು ಆ ಊರನ್ನು ಬೇರೆ ಥರ ನೋಡಲು ಶುರು ಮಾಡಿದೆ.

ನೀವು ಗುಣ ಕೇಳಿದಿರಿ. ನನ್ನ ಲೆಕ್ಕದಲ್ಲಿ ಡೆಲ್ಫ್ಟ್ ಏನನ್ನೂ ಬಿಸಾಡದ ಊರು. ಹಳೇ ಪಂಚೆ ಮಸಿಬಟ್ಟೆ ಆಗುವ ತನಕ ಬಿಡದ ನಮ್ಮಜ್ಜಿಯ ಹಾಗೆ.

ಹೆಸರಿನಿಂದಲೇ ಬನ್ನಿ. ಡಚ್‌ನಲ್ಲಿ 'ಡೆಲ್ವನ್' ಅಂದರೆ ಅಗೆಯುವುದು. ಜೌಗು ನೆಲದ ನೀರು ಬಸಿಯಲು ತೋಡಿದ ಒಂದು ಕಾಲುವೆ, ಅದರ ದಂಡೆಯಲ್ಲಿ ಬೆಳೆದ ಊರು. ಆ ಕಾಲುವೆಗೆ ಈಗಲೂ ಔಡೆ ಡೆಲ್ಫ್ಟ್ ಅಂತ ಹೆಸರು, 'ಹಳೇ ತೋಡು' ಅಂದುಕೊಳ್ಳಿ. 1246ರಲ್ಲಿ ಹಾಲೆಂಡಿನ ಕೌಂಟ್ ಎರಡನೇ ವಿಲಿಯಂ ಇದಕ್ಕೆ ಪಟ್ಟಣದ ಹಕ್ಕು ಕೊಟ್ಟ. ಸಮುದ್ರದ ಕಡೆ ದಾರಿ ಇರಲಿಲ್ಲ, ಅದಕ್ಕೂ ತೋಡಿದರು. 1389ರಲ್ಲಿ ಮಾಸ್ ನದಿವರೆಗೆ ಕಾಲುವೆ ತೆಗೆಯಲು ಅನುಮತಿ ಪಡೆದು, ಅದರ ತುದಿಯಲ್ಲಿ ಡೆಲ್ಫ್ಸ್‌ಹಾವನ್ ಅಂತ ತಮ್ಮದೇ ಬಂದರು ಕಟ್ಟಿಕೊಂಡರು. ಆ ಬಂದರು ಈಗ ರಾಟರ್‌ಡ್ಯಾಮ್‌ಗೆ ಸೇರಿದೆ.

ಔಡೆ ಡೆಲ್ಫ್ಟ್ ದಂಡೆಯಲ್ಲಿ ಹಳೇ ಚರ್ಚ್ ಇದೆ. ಅದರ ಗೋಪುರ ಕಣ್ಣಿಗೆ ರಾಚುವಷ್ಟು ವಾಲಿದೆ, ಸುಮಾರು 2 ಮೀಟರ್. ಕಟ್ಟಲು ಜಾಗ ಸಾಲದೆ ಕಾಲುವೆಯನ್ನೇ ಒಂದಿಷ್ಟು ಪಕ್ಕಕ್ಕೆ ಸರಿಸಿ, ಮುಚ್ಚಿದ ಕಾಲುವೆಯ ಮೇಲೆ ಅಡಿಪಾಯ ಹಾಕಿದರು. ಒಂದು ಕಡೆ ಕುಸಿಯಿತು. ಕೆಡವಿದರಾ? ಇಲ್ಲ. ಅಲ್ಲಿಂದ ಮೇಲೆ ನೆಟ್ಟಗೆ ಕಟ್ಟಿದರು. ದೂರ ನಿಂತು ನೋಡಿದರೆ ಗೋಪುರದ ಮಧ್ಯೆ ಸೊಂಟ ತಿರುಗಿಸಿದ ಹಾಗೆ ಕಾಣುತ್ತದೆ. ಒಳಗೆ 1570ರಲ್ಲಿ ಎರಕ ಹೊಯ್ದ ಒಂದು ಗಂಟೆ ಇದೆ, ಹತ್ತಿರ ಹತ್ತಿರ 9 ಟನ್. ಅದು ಅಲ್ಲಾಡಿದರೆ ಗೋಪುರಕ್ಕೇ ಅಪಾಯ ಅಂತ ಬಾರಿಸುವುದು ಅಪರೂಪಕ್ಕೆ, ರಾಜಮನೆತನದವರ ಅಂತ್ಯಸಂಸ್ಕಾರದಂಥ ಹೊತ್ತಿನಲ್ಲಿ. ನನಗೆ ಐದು ವರ್ಷವೂ ಕೇಳುವ ಅದೃಷ್ಟ ಬರಲಿಲ್ಲ. ಅದೃಷ್ಟ ಅನ್ನಬಾರದೇನೋ.

ಈಗ ನೀಲಿ ತಟ್ಟೆ. ಇದೇ ನನಗೆ ಇಷ್ಟದ ಕಥೆ, ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಡೆಲ್ಫ್ಟ್ ಬಿಯರ್‌ನ ಊರು. ಕಾಲುವೆಗಳ ದಂಡೆಯುದ್ದಕ್ಕೂ ಬಿಯರ್ ಭಟ್ಟಿಗಳು. 1600ರ ಹೊತ್ತಿಗೆ ಆ ವ್ಯಾಪಾರ ಇಳಿಯಿತು, ಭಟ್ಟಿಗಳು ಖಾಲಿ ಬಿದ್ದವು. ಅದೇ ಕಾಲಕ್ಕೆ ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಚೀನಾದ ನೀಲಿ ಪಿಂಗಾಣಿ ತರುತ್ತಿದ್ದವು. ಕಂಪನಿಗೆ ಆರು ಊರುಗಳಲ್ಲಿ ಶಾಖೆ, ಅದರಲ್ಲಿ ಡೆಲ್ಫ್ಟ್ ಒಂದು. ಶ್ರೀಮಂತರಿಗೆಲ್ಲ ಆ ತಟ್ಟೆಯ ಹುಚ್ಚು ಹಿಡಿಯಿತು. 1644ರಲ್ಲಿ ಚೀನಾದಲ್ಲಿ ಮಿಂಗ್ ವಂಶ ಬಿತ್ತು, ಯುದ್ಧದಿಂದ ಸರಕು ಬರುವುದು ತಪ್ಪಿತು. ಇಲ್ಲಿನ ಕುಂಬಾರರು ಖಾಲಿ ಭಟ್ಟಿಗಳಿಗೆ ನುಗ್ಗಿದರು. ದೊಡ್ಡ ಕಟ್ಟಡ ಇತ್ತು, ದಂಡೆಯಲ್ಲಿ ದೋಣಿ ನಿಲ್ಲುತ್ತಿತ್ತು, ಇನ್ನೇನು ಬೇಕು? ಬಿಯರ್ ಭಟ್ಟಿಯ ಬೋರ್ಡನ್ನೂ ಎಷ್ಟೋ ಜನ ಬದಲಿಸಲಿಲ್ಲ. 'ಲೋಹದ ಮಡಕೆ', 'ಮೂರು ಗಂಟೆ' ಅಂತೆಲ್ಲ ಹೆಸರಿನ ಕಾರ್ಖಾನೆಗಳು. ಒಂದು ಕಾಲಕ್ಕೆ ಮೂವತ್ತಕ್ಕೂ ಜಾಸ್ತಿ ಇದ್ದವು. ಆ ಕಾಲದವುಗಳಲ್ಲಿ ಈಗ ಉಳಿದದ್ದು ಒಂದೇ, 1653ರಲ್ಲಿ ಶುರುವಾದ 'ಪೋರ್ಸೆಲೈನ್ ಫ್ಲೆಸ್', ಅಂದರೆ ಪಿಂಗಾಣಿ ಬಾಟಲಿ. ಈಗ ರಾಯಲ್ ಡೆಲ್ಫ್ಟ್ ಅಂತಾರೆ.

ತಮಾಷೆ ಏನೆಂದರೆ ಅದು ಪಿಂಗಾಣಿಯೇ ಅಲ್ಲ. ಪಿಂಗಾಣಿಗೆ ಬೇಕಾದ ಬಿಳಿ ಮಣ್ಣು ಅವರ ಬಳಿ ಇರಲಿಲ್ಲ. ಸಾಧಾರಣ ಮಣ್ಣಿನ ತಟ್ಟೆಗೆ ತವರ ಬೆರೆಸಿದ ಬಿಳಿ ಲೇಪ ಬಳಿದು, ಮೇಲೆ ಚೀನಾದ ಹಾಗೆ ನೀಲಿ ಚಿತ್ರ. ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಅವರ ತಾಯಿಯ ಅಡುಗೆಮನೆ ಗೋಡೆಯಲ್ಲಿದ್ದ ಒಂದು ಟೈಲ್ ಅವರ ಬಳಿ ಇತ್ತು. ಅಂಗೈಗಿಂತ ಸ್ವಲ್ಪ ದೊಡ್ಡದು. ಮಧ್ಯೆ ಬುಗುರಿ ಆಡುವ ಹುಡುಗ, ನಾಲ್ಕು ಮೂಲೆಯಲ್ಲೂ ಜೇಡದ ಹಾಗೆ ಒಂದು ಗುರುತು. ಎರಡು ತುಂಡಾಗಿದ್ದನ್ನು ಗೋಂದು ಹಾಕಿ ಅಂಟಿಸಿದ್ದರು. ಒಡೆದ ಅಂಚಿನಲ್ಲಿ ನೋಡಿದರೆ ಬಿಳಿ ಬಣ್ಣ ಉಗುರಿನಷ್ಟು ದಪ್ಪ ಮಾತ್ರ. ಒಳಗೆ ಹಳದಿ ಮಣ್ಣು. ಅಜ್ಜಿ ಅದರ ಮೇಲೆ ಬಿಸಿ ಕಾಫಿ ಪಾತ್ರೆ ಇಡುತ್ತಿದ್ದರು! ಮ್ಯೂಸಿಯಂನಲ್ಲಿ ಇಡುವ ವಸ್ತು ಅಂದೆ. "ಮತ್ತೆ ಪಾತ್ರೆ ಎಲ್ಲಿಡಲಿ?" ಅಂದರು.

ಮೂರನೇ ವರ್ಷದ ಹುಟ್ಟುಹಬ್ಬಕ್ಕೆ ಗಂಡ ನನ್ನನ್ನು ಟೈಲ್ ಮೇಲೆ ಚಿತ್ರ ಬರೆಯುವ ಕಮ್ಮಟಕ್ಕೆ ಕಳಿಸಿದರು. ನೀಲಿ ಬಣ್ಣ ಎಲ್ಲಿ ಅಂತ ಹುಡುಕಿದೆ. ಬಟ್ಟಲಲ್ಲಿ ಇದ್ದದ್ದು ಕಪ್ಪು ನೀರು, ದೋಸೆ ಕಾವಲಿ ತೊಳೆದ ನೀರಿನ ಹಾಗೆ. ಅದು ಕೋಬಾಲ್ಟ್. ಬೆಂಕಿಗೆ ಹೋದ ಮೇಲೆಯೇ ನೀಲಿ ಆಗುವುದು. ಗೆರೆ ಎಳೆಯಲು ಒಂದು ಕಾಗದ ಕೊಟ್ಟರು, ಅದರಲ್ಲಿ ಚಿತ್ರದ ಗೆರೆಯುದ್ದಕ್ಕೂ ಸೂಜಿಯ ತೂತು. ಟೈಲ್ ಮೇಲಿಟ್ಟು ಇದ್ದಿಲ ಪುಡಿಯ ಗಂಟನ್ನು ತಟ್ಟಿದರೆ ಚುಕ್ಕಿ ಚುಕ್ಕಿಯಾಗಿ ಚಿತ್ರ ಮೂಡುತ್ತದೆ. ಜಾತ್ರೆಯಲ್ಲಿ ಮಾರುವ ತೂತಿನ ರಂಗೋಲಿ ಅಚ್ಚು ನೆನಪಿದೆಯಾ? ಅದೇ ಉಪಾಯ. ಬಣ್ಣ ಹಚ್ಚುವುದು ಮಾತ್ರ ಕಷ್ಟ. ಲೇಪ ಸುಣ್ಣದ ಗೋಡೆಯ ಹಾಗೆ ಒಣಗಿರುತ್ತದೆ, ಕುಂಚ ತಾಗಿಸಿದ ತಕ್ಷಣ ಹೀರಿಕೊಳ್ಳುತ್ತದೆ. ಅಳಿಸಲು ಆಗುವುದಿಲ್ಲ. ನಾನು ಬರೆದ ಅಡಿಕೆ ಮರ ಸುಟ್ಟು ಬಂದ ಮೇಲೆ ಪೊರಕೆಯ ಹಾಗಿತ್ತು. ನೀಲಿ ಪೊರಕೆ. ಈಗಲೂ ನಮ್ಮ ಮನೆಯಲ್ಲಿದೆ, ಪಾತ್ರೆ ಇಡುತ್ತೇನೆ.

ಚೌಕದ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವುದು ಅಚ್ಚು ಹಾಕಿದ ಚಿತ್ರ. ಕೈಯಲ್ಲಿ ಬರೆದದ್ದಾದರೆ ಗೆರೆಯಲ್ಲಿ ಕುಂಚದ ದಪ್ಪ-ತೆಳು ಕಾಣುತ್ತದೆ, ತಳದಲ್ಲಿ ಬರೆದವರ ಗುರುತೂ ಇರುತ್ತದೆ. ತಿರುಗಿಸಿ ನೋಡಿ.

ಔಡೆ ಡೆಲ್ಫ್ಟ್ ದಂಡೆಯಲ್ಲೇ, ಹಳೇ ಚರ್ಚಿನ ಎದುರಿಗೆ ಪ್ರಿನ್ಸನ್‌ಹಾಫ್ ಇದೆ. ಮೊದಲು ಸನ್ಯಾಸಿನಿಯರ ಮಠ. ಸ್ಪೇನ್ ವಿರುದ್ಧ ದಂಗೆಯ ನಾಯಕ ಆರೆಂಜ್‌ನ ವಿಲಿಯಂ 1572ರಲ್ಲಿ ಅದನ್ನೇ ಮನೆ ಮಾಡಿಕೊಂಡ. ಡಚ್ಚರ ರಾಷ್ಟ್ರಗೀತೆ ಇವನ ಮೇಲೇ. ಇವನ ತಲೆಗೆ ಸ್ಪೇನ್ ದೊರೆ ಬಹುಮಾನ ಸಾರಿದ್ದ. 1584ರ ಜುಲೈ 10ರಂದು ಬಾಲ್ತಜಾರ್ ಜೆರಾರ್ ಎಂಬವನು ಊಟ ಮುಗಿಸಿ ಬರುತ್ತಿದ್ದ ವಿಲಿಯಂನನ್ನು ಮೆಟ್ಟಿಲ ಬುಡದಲ್ಲಿ ಗುಂಡು ಹೊಡೆದು ಕೊಂದ. ಬಡವನ ವೇಷದಲ್ಲಿ ಬಂದವನಿಗೆ ಬಟ್ಟೆ-ಚಪ್ಪಲಿಗೆ ಅಂತ ಕೊಟ್ಟ ದುಡ್ಡಿನಲ್ಲೇ ಪಿಸ್ತೂಲು ಕೊಂಡನಂತೆ. ಗೋಡೆಯಲ್ಲಿ ಗುಂಡಿನ ತೂತು ಇನ್ನೂ ಇದೆ. ಬಂದವರೆಲ್ಲ ಬೆರಳು ತೂರಿಸಿ ತೂರಿಸಿ ಹಿಗ್ಗಿತು ಅಂತ ಈಗ ಗಾಜು ಮುಚ್ಚಿದ್ದಾರೆ. ಗಾರೆ ಮೆತ್ತಿ ಮುಚ್ಚಲಿಲ್ಲ ನೋಡಿ. (ಇತ್ತೀಚೆಗೆ ದೊಡ್ಡ ದುರಸ್ತಿಗೆ ಬಾಗಿಲು ಹಾಕಿತ್ತು. ಹೋಗುವ ಮೊದಲು ತೆರೆದಿದೆಯಾ ವಿಚಾರಿಸಿ.)

ವಿಲಿಯಂನ ಮನೆತನದ ಸಮಾಧಿ ಬ್ರೇಡಾದಲ್ಲಿ. ಅದು ಆಗ ಸ್ಪೇನಿನವರ ಕೈಯಲ್ಲಿತ್ತು. ಅದಕ್ಕೆ ಇಲ್ಲೇ ಹೊಸ ಚರ್ಚಿನಲ್ಲಿ ಹೂಳಿದರು. ತಾತ್ಕಾಲಿಕ ಅಂದುಕೊಂಡದ್ದು ಕಾಯಂ ಆಯಿತು. ಇವತ್ತಿಗೂ ರಾಜಮನೆತನದವರನ್ನು ತಂದು ಅಲ್ಲೇ ಇಡುತ್ತಾರೆ. ರಾಣಿ ಯೂಲಿಯಾನಾ 2004ರಲ್ಲಿ ಸೇರಿದ್ದು ಅಲ್ಲಿಗೇ. ಅಮೃತಶಿಲೆಯ ಸಮಾಧಿಯಲ್ಲಿ ಮಲಗಿದ ವಿಲಿಯಂನ ಕಾಲ ಬಳಿ ಒಂದು ನಾಯಿ ಇದೆ. ಒಡೆಯ ಸತ್ತ ಮೇಲೆ ಅನ್ನ ನೀರು ಬಿಟ್ಟು ಸತ್ತ ನಾಯಿ ಅಂತ ಕಥೆ. ನನಗೆ ರಾಜರ ಹೆಸರು ಒಂದೂ ನೆನಪಿರುತ್ತಿರಲಿಲ್ಲ, ನಾಯಿಯನ್ನು ಮಾತ್ರ ಹೋದಾಗಲೆಲ್ಲ ನೋಡಿ ಬರುತ್ತಿದ್ದೆ. ಮೊಣಕಾಲು ಗಟ್ಟಿ ಇದ್ದರೆ ಗೋಪುರ ಹತ್ತಿ. 376 ಮೆಟ್ಟಿಲು, ಸುರುಳಿ ಸುರುಳಿ.

ಏನೂ ಬಿಸಾಡದ ಊರು ಅಂದೆನಲ್ಲ, ಒಂದು ಕಡೆ ಮಾತ್ರ ಉಳಿಸಿಕೊಳ್ಳಲು ಏನೂ ಇರಲಿಲ್ಲ. ಊರಿನ ಈಶಾನ್ಯ ಮೂಲೆಯಲ್ಲಿ ಹಳೇ ಮಠವೊಂದರ ನೆಲಮಾಳಿಗೆಯಲ್ಲಿ ಮದ್ದಿನ ಉಗ್ರಾಣ ಇತ್ತು, ಸುಮಾರು 40 ಟನ್ ಸಿಡಿಮದ್ದು. 1654ರ ಅಕ್ಟೋಬರ್ 12, ಸೋಮವಾರ ಬೆಳಿಗ್ಗೆ, ಮದ್ದು ಪರೀಕ್ಷೆಗೆ ಅಂತ ಉಸ್ತುವಾರಿಯವನು ಲಾಂದ್ರ ಹಿಡಿದು ಒಳಗೆ ಹೋದ. ಸದ್ದು ನೂರು ಕಿಲೋಮೀಟರ್ ಆಚೆಯ ದ್ವೀಪಕ್ಕೂ ಕೇಳಿಸಿತಂತೆ. ಊರಿನ ಕಾಲು ಭಾಗ ನೆಲಸಮ. ನೂರಕ್ಕೂ ಜಾಸ್ತಿ ಜನ ಸತ್ತರು. ಸಂತೆಗೆ ಹೋದವರೆಲ್ಲ ಉಳಿದುಕೊಂಡರು. ಕಾರೆಲ್ ಫಾಬ್ರಿಟಿಯಸ್ ಎಂಬ ಚಿತ್ರಕಾರ ಮನೆಯಲ್ಲೇ ಕೂತು ಕೆಲಸ ಮಾಡುತ್ತಿದ್ದ. 32 ವರ್ಷ. ಅವನ ಜತೆ ಅವನ ಚಿತ್ರಗಳೂ ಹೆಚ್ಚಿನವು ಹೋದವು. ಅದೇ ವರ್ಷ ಬರೆದ ಒಂದು ಸಣ್ಣ ಚಿತ್ರ ಉಳಿಯಿತು, ಸರಪಳಿ ಕಟ್ಟಿದ ಪುಟ್ಟ ಹಕ್ಕಿಯದ್ದು. ಅದು ಹೇಗ್‌ನ ಮೌರಿಟ್ಸ್‌ಹೌಸ್ ಮ್ಯೂಸಿಯಂನಲ್ಲಿದೆ.

ಆ ಜಾಗದಲ್ಲಿ ಮತ್ತೆ ಮನೆ ಕಟ್ಟಲಿಲ್ಲ. ಕುದುರೆ ಸಂತೆಗೆ ಬಿಟ್ಟರು, ಈಗಲೂ ಅದರ ಹೆಸರು ಪಾರ್ಡನ್‌ಮಾರ್ಕ್ಟ್. ನಾನಿದ್ದಾಗ ಅಲ್ಲಿ ಕಾರು ನಿಲ್ಲಿಸುತ್ತಿದ್ದರು. ಇಷ್ಟು ಒತ್ತೊತ್ತಾಗಿ ಮನೆ ಕಟ್ಟಿದ ಊರಲ್ಲಿ ಇದೊಂದು ಯಾಕೆ ಬಯಲು ಅಂತ ವರ್ಷಗಟ್ಟಲೆ ಅಂದುಕೊಂಡಿದ್ದೆ. ಕಾರಣ ಗೊತ್ತಾದ ದಿನ ತರಕಾರಿ ಚೀಲ ಹಿಡಿದು ಸ್ವಲ್ಪ ಹೊತ್ತು ಸುಮ್ನೆ ನಿಂತಿದ್ದೆ. ಹೊಸ ಮದ್ದಿನ ಮನೆಯನ್ನು 1660ರಲ್ಲಿ ಊರಾಚೆ ಸ್ಖೀ ಕಾಲುವೆ ದಂಡೆಯಲ್ಲಿ ಕಟ್ಟಿದರು. ನಿಮ್ಮ ಮಗಳ ಕ್ಯಾಂಪಸ್ಸಿಗೆ ಅದು ಹತ್ತಿರ. ಅಲ್ಲಿ ಈಗ ಸ್ಕೌಟ್ ಮಕ್ಕಳು ಸೇರುತ್ತಾರೆ. ಮತ್ತೆ ಅಜ್ಜಿಯ ಪಂಚೆ!

ಚಿತ್ರಕಾರ ಫರ್ಮೀರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಎಲ್ಲ ಕಡೆ ಅವನೇ. 1632ರಲ್ಲಿ ಇಲ್ಲೇ ಹುಟ್ಟಿ, 1675ರಲ್ಲಿ ಹನ್ನೊಂದು ಮಕ್ಕಳನ್ನೂ ತುಂಬಾ ಸಾಲವನ್ನೂ ಬಿಟ್ಟು ಇಲ್ಲೇ ಸತ್ತ. ಬ್ರೆಡ್ಡಿನ ಅಂಗಡಿಗೇ 600 ಗಿಲ್ಡರ್ ಮೇಲೆ ಬಾಕಿ. ಅದಕ್ಕೆ ಹೆಂಡತಿ ಎರಡು ಚಿತ್ರ ಒತ್ತೆ ಇಟ್ಟಳು. ಆದರೆ ಡೆಲ್ಫ್ಟ್‌ನಲ್ಲಿ ಅವನ ಮೂಲ ಚಿತ್ರ ಒಂದೂ ಇಲ್ಲ. ಹೇಗ್‌ಗೆ ಹೋಗಿ ಮೌರಿಟ್ಸ್‌ಹೌಸ್‌ನಲ್ಲಿ ಅವನು ಬರೆದ ಡೆಲ್ಫ್ಟ್ ನೋಟ ನೋಡಿ, ಒಂದನೇ ನಂಬರ್ ಟ್ರಾಮ್ ಹತ್ತಿ ವಾಪಸ್ ಬಂದು ಊರಿನ ದಕ್ಷಿಣಕ್ಕೆ ಹೋಯ್‌ಕಾಡ ಅನ್ನುವ ದಂಡೆಯಲ್ಲಿ ನಿಲ್ಲಿ. ಚಿತ್ರದಲ್ಲಿರುವ ಎರಡು ಕೋಟೆ ಬಾಗಿಲೂ ಈಗಿಲ್ಲ, 19ನೇ ಶತಮಾನದಲ್ಲಿ ಕೆಡವಿದರು. ನೀರು ಇದೆ. ಹೊಸ ಚರ್ಚಿನ ಗೋಪುರ ಇದೆ. ಮೋಡ ಅದೇ.

ಹಿಟ್ಟಿನ ವಿಷಯ, ಅಮ್ಮನವರಿಗೆ ಹೇಳಿ. ಊರಲ್ಲಿ ಉಳಿದಿರುವ ಒಂದೇ ಗಾಳಿ ಗಿರಣಿ 'ರೋಸ್'. ಅದರಲ್ಲಿ ಈಗಲೂ ಗೋಧಿ ಬೀಸಿ ಮಾರುತ್ತಾರೆ. ಸ್ವಲ್ಪ ತರಿತರಿ, ಜರಡಿ ಹಿಡಿಯಬೇಕು. ಬೆಚ್ಚಗಿನ ನೀರಲ್ಲಿ ಕಲಸಿ ಅರ್ಧ ಗಂಟೆ ಬಿಟ್ಟರೆ ಚಪಾತಿ ಚೆನ್ನಾಗಿ ಉಬ್ಬುತ್ತದೆ. ನಾನಿದ್ದಾಗ ಅದರ ಕೆಳಗೇ ರೈಲಿನ ಸುರಂಗ ಕೊರೆಯುತ್ತಿದ್ದರು. ಅಷ್ಟು ದೊಡ್ಡ ಇಟ್ಟಿಗೆ ಗಿರಣಿಯನ್ನು ಜಾಕ್ ಕೊಟ್ಟು ಎತ್ತಿದರು! ಅಲ್ಲಿಯವರೆಗೆ 1965ರ ಒಂದು ಮೇಲ್ಸೇತುವೆ ಮೇಲೆ ರೈಲು ಊರಿನ ಮಧ್ಯೆ ಗಡಗಡ ಹೋಗುತ್ತಿತ್ತು, ಹತ್ತಿರದ ಮನೆಗಳಲ್ಲಿ ಲೋಟ ಕುಣಿಯುತ್ತಿತ್ತು. 2015ರ ಫೆಬ್ರವರಿ ಕೊನೆಗೆ ಸುರಂಗ ತೆರೆಯಿತು. ಹೊಸ ನಿಲ್ದಾಣದಲ್ಲಿ ಇಳಿದಾಗ ತಲೆ ಎತ್ತಿ ನೋಡಿ. ಇಡೀ ಛಾವಣಿಯಲ್ಲಿ 1877ರ ಡೆಲ್ಫ್ಟ್ ನಕ್ಷೆ, ನೀಲಿ ಬಣ್ಣದಲ್ಲಿ.

ಹೀರೇಕಾಯಿ, ಹಾಗಲಕಾಯಿ, ಅಲಸಂದೆ ಬೇಕಾದರೆ ಹೇಗ್‌ನ ದೊಡ್ಡ ಸಂತೆಗೆ ಹೋಗಿ. ಸುರಿನಾಮ್‌ನಿಂದ ಬಂದ ಹಿಂದೂಸ್ತಾನಿ ಜನ ಅಲ್ಲಿ ತುಂಬಾ ಇದ್ದಾರೆ.

ಕುಂದಾಪ್ರ ಕಡಲು:

ಅಕ್ಕಾ, ನೀವು ಹೇಳಿದ ಈಸ್ಟ್ ಇಂಡಿಯಾ ಕಂಪನಿಯ ಇನ್ನೊಂದು ತುದಿ ನಮ್ಮೂರ ಹತ್ರ ಇದೆ. 17ನೇ ಶತಮಾನದಲ್ಲಿ ಕೆಳದಿ ಅರಸರ ಕಾಲಕ್ಕೆ ಡಚ್ಚರು ಬಸ್ರೂರಿನಲ್ಲಿ ವ್ಯಾಪಾರದ ಕೋಠಿ ಇಟ್ಟಿದ್ದರು. ಮುಖ್ಯವಾಗಿ ಅಕ್ಕಿಗೆ. ಘಟ್ಟದ ಮೆಣಸಿನ ಮೇಲೂ ಕಣ್ಣು. ನಿಮ್ಮ ನೀಲಿ ತಟ್ಟೆ ಕಥೆ ಚಂದ ಇದೆ, ಆದರೆ ಆ ಹಡಗುಗಳು ಬರೀ ತಟ್ಟೆ ಸಾಗಿಸಲಿಲ್ಲ. ಈಗಿನ ಇಂಡೋನೇಷ್ಯಾದ ಬಾಂದಾ ದ್ವೀಪದಲ್ಲಿ ಜಾಯಿಕಾಯಿಗಾಗಿ 1621ರಲ್ಲಿ ಅಲ್ಲಿನ ಜನರನ್ನೇ ಮುಗಿಸಿಬಿಟ್ಟ ಕಂಪನಿ ಅದು. ಮಗಳು ಓದುವ ವಿಶ್ವವಿದ್ಯಾಲಯ ಕೂಡ 1842ರಲ್ಲಿ ಶುರುವಾದಾಗ ಎಂಜಿನಿಯರುಗಳ ಜತೆ ಜಾವಾ ಕಡೆ ಆಳಲು ಹೋಗುವ ಅಧಿಕಾರಿಗಳನ್ನೂ ತಯಾರು ಮಾಡುತ್ತಿತ್ತು. ಹೋಗಬೇಡಿ ಅಂತಲ್ಲ. ಕಾಲುವೆ ದಂಡೆಯ ಚಂದದ ಮನೆ ನೋಡುವಾಗ ಇದೂ ನೆನಪಿರಲಿ ಅಂತ.

ಮಲ್ನಾಡ್ ಮಳೆ:

ಸರಿಯಾಗಿ ಹೇಳಿದಿರಿ. ನಾನು ಬರೆಯಬೇಕಿತ್ತು.

ಮೊಸರಿನ ಹೆಪ್ಪು:

ಮೆಣಸು ಅಂದಿರಲ್ಲ, ಇಷ್ಟು ಹೊತ್ತಾದರೂ ಯಾರೂ ಲೇವನ್‌ಹುಕ್ ಹೆಸರು ಎತ್ತಲಿಲ್ಲ! ನಾನು ಸೂಕ್ಷ್ಮಜೀವಿ ವಿಜ್ಞಾನದವನು. ಆರು ತಿಂಗಳು ಅಲ್ಲಿ ಲ್ಯಾಬ್‌ನಲ್ಲಿದ್ದೆ. ನಮ್ಮಂಥವರಿಗೆ ಡೆಲ್ಫ್ಟ್ ಅಂದರೆ ತಟ್ಟೆಯೂ ಅಲ್ಲ, ರಾಜನೂ ಅಲ್ಲ.

ಆಂಟೋನಿ ವಾನ್ ಲೇವನ್‌ಹುಕ್ ಅದೇ 1632ರಲ್ಲಿ ಅದೇ ಊರಲ್ಲಿ ಹುಟ್ಟಿದ ಬಟ್ಟೆ ವ್ಯಾಪಾರಿ. ಕಾಲೇಜು ಮೆಟ್ಟಿಲು ಹತ್ತಿದವನಲ್ಲ. ಕಾಳಿನಷ್ಟು ಚಿಕ್ಕ ಮಸೂರಗಳನ್ನು ತಾನೇ ಮಾಡಿಕೊಂಡು ಸಿಕ್ಕಿದ್ದನ್ನೆಲ್ಲ ನೋಡುತ್ತಿದ್ದ. 1676ರಲ್ಲಿ ಅವನಿಗೊಂದು ಪ್ರಶ್ನೆ ಬಂತು. ಕಾಳುಮೆಣಸು ಯಾಕೆ ಖಾರ? ಅದರ ಮೇಲೆ ಸಣ್ಣ ಮುಳ್ಳುಗಳಿದ್ದು ನಾಲಿಗೆಗೆ ಚುಚ್ಚುತ್ತವೇನೋ ಅಂತ ಅವನ ಅನುಮಾನ. ಮೆಣಸನ್ನು ನೀರಲ್ಲಿ ನೆನೆಹಾಕಿದ. ಮೂರು ವಾರ ಬಿಟ್ಟು ನೋಡಿದರೆ ಮುಳ್ಳಿಲ್ಲ, ನೀರಿನ ತುಂಬಾ ಓಡಾಡುವ ಜೀವಿಗಳು! ಅದರಲ್ಲಿ ಅತಿ ಸಣ್ಣವು ಬ್ಯಾಕ್ಟೀರಿಯಾ. ಮನುಷ್ಯ ಅವನ್ನು ಕಂಡ ಮೊದಲ ದಾಖಲೆಗಳಲ್ಲಿ ಆ ಅಕ್ಟೋಬರ್‌ನ ಪತ್ರ ಮುಖ್ಯವಾದದ್ದು. ಲಂಡನ್ನಿನ ರಾಯಲ್ ಸೊಸೈಟಿಯವರು ನಂಬಲಿಲ್ಲ. ಮುಂದಿನ ವರ್ಷ ಅಲ್ಲಿನ ವಿಜ್ಞಾನಿ ರಾಬರ್ಟ್ ಹುಕ್ ತಾನೂ ಮೆಣಸಿನ ನೀರು ಮಾಡಿ ನೋಡಿ ಹೌದು ಅಂದ. ನಾವು ಸಾರು ಮಾಡಿ ಕುಡಿದುಬಿಟ್ಟೆವು, ಅವರು ಮಸೂರ ಇಟ್ಟರು. ಲೇವನ್‌ಹುಕ್ 90 ವರ್ಷ ಬದುಕಿದ. ಹಳೇ ಚರ್ಚಿನಲ್ಲಿ ಸಮಾಧಿ ಇದೆ. ಫರ್ಮೀರ್ ಸತ್ತಾಗ ಅವನ ಸಾಲದ ಲೆಕ್ಕ ಇತ್ಯರ್ಥಕ್ಕೆ ನೇಮಕವಾದವನೂ ಇವನೇ.

ಅಲ್ಲಿಗೆ ಮುಗಿಯಲಿಲ್ಲ. 1869ರಲ್ಲಿ ಡೆಲ್ಫ್ಟ್‌ನಲ್ಲಿ ಬ್ರೆಡ್ಡಿನ ಈಸ್ಟ್ ಕಾರ್ಖಾನೆ ಶುರುವಾಯಿತು. ಅಲ್ಲಿ ಹತ್ತು ವರ್ಷ ಕೆಲಸ ಮಾಡಿದ ಬೈಯರಿಂಕ್ ಎಂಬಾತ ಆಮೇಲೆ ಇದೇ ಊರಲ್ಲಿ ಪ್ರೊಫೆಸರ್ ಆಗಿ, 1898ರಲ್ಲಿ ತಂಬಾಕಿನ ಎಲೆ ರೋಗಕ್ಕೆ ಕಾರಣ ಬ್ಯಾಕ್ಟೀರಿಯಾ ಅಲ್ಲ, ಬೇರೇನೋ ಅಂದ. ಅದಕ್ಕೆ ವೈರಸ್ ಅಂತ ಕರೆದ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಕಣ್ಣು ತಪ್ಪಿಸಿ ಅದೇ ಕಾರ್ಖಾನೆಯಲ್ಲಿ ಪೆನಿಸಿಲಿನ್ ಮಾಡಿದರು. ಹೆಸರು ಗೊತ್ತಾಗಬಾರದು ಅಂತ 'ಬಾಸಿನಾಲ್' ಅಂದರು. ಗಾಳಿ ಆ ಕಡೆಯಿಂದ ಬೀಸಿದರೆ ಊರೆಲ್ಲ ಹುಳಿ ಬಂದ ದೋಸೆ ಹಿಟ್ಟಿನ ವಾಸನೆ. ಅಕ್ಕ, ನಿಮಗೆ ಬರುತ್ತಿರಲಿಲ್ವಾ?

ಮಲ್ನಾಡ್ ಮಳೆ:

ಅಯ್ಯೋ ಬರುತ್ತಿತ್ತು! ಮೊದಲ ವಾರ ನಮ್ಮನೆ ಹಿಟ್ಟೇ ಉಕ್ಕಿದೆ ಅಂತ ಎದ್ದು ಹೋಗಿ ನೋಡಿದ್ದೆ.

ನೀರಾವರಿ ನಿವೃತ್ತ:

ಇಷ್ಟೆಲ್ಲ ಬರೆದಿರಿ, ಎಲ್ಲರಿಗೂ ವಂದನೆ. ಕುಂದಾಪುರದವರ ಮಾತೂ ಗಮನದಲ್ಲಿದೆ. ಪ್ಯಾರಿಸ್ ಕೈಬಿಟ್ಟೆವು. ಡೆಲ್ಫ್ಟ್‌ಗೆ ಐದು ದಿನ. ಹೇಗ್ ಟ್ರಾಮಿನಲ್ಲಿ ಹೋಗಿ ಬರುವುದು.

ಮಲ್ನಾಡ್ ತಂಗಿ, ನನ್ನದೊಂದು ಹಳೇ ಚಾಳಿಯ ಪ್ರಶ್ನೆ. ಕಾಲುವೆಯ ನೀರಿನ ಮಟ್ಟ ಯಾರ ಕೈಯಲ್ಲಿದೆ? ತೂಬು ತೆಗೆಯುವವರು ಯಾರು?

ಮಲ್ನಾಡ್ ಮಳೆ:

ಸರ್, ಇದನ್ನು ನನ್ನ ಗಂಡನ ಹತ್ತಿರ ಕೇಳಿ ಬರೆಯುತ್ತಿದ್ದೇನೆ. ಅದಕ್ಕೆ ಡೆಲ್ಫ್‌ಲ್ಯಾಂಡ್ ನೀರು ಮಂಡಳಿ ಅಂತಿದೆ. 1289ರಿಂದ ಇದೆ. ಸರ್ಕಾರ ಬಂದು ಹೋಗಿ ಎಷ್ಟೋ ಆದರೂ ಮಂಡಳಿ ಹಾಗೇ ಇದೆ. ಅದಕ್ಕೆ ಬೇರೆ ಚುನಾವಣೆ, ಬೇರೆ ತೆರಿಗೆ. ಔಡೆ ಡೆಲ್ಫ್ಟ್ ದಂಡೆಯಲ್ಲೇ ಅದರ ಹಳೇ ಕಚೇರಿ. ಗೋಡೆ ತುಂಬಾ ಬಣ್ಣದ ಲಾಂಛನಗಳಿರುವ ಕಲ್ಲಿನ ಕಟ್ಟಡ, ನೋಡಿದ ಕೂಡಲೇ ಗೊತ್ತಾಗುತ್ತದೆ. 1536ರಲ್ಲಿ ಊರಿನ ಅರ್ಧಕ್ಕಿಂತ ಜಾಸ್ತಿ ಸುಟ್ಟು ಹೋದಾಗಲೂ ಅದು ಉಳಿಯಿತು. ಕಾಲುವೆ ನೀರನ್ನು ಸಮುದ್ರ ಮಟ್ಟಕ್ಕಿಂತ ಸುಮಾರು 40 ಸೆಂಟಿಮೀಟರ್ ಕೆಳಗೆ ಹಿಡಿದಿಡುತ್ತಾರೆ. ಸುತ್ತಲಿನ ಹೊಲಗಳು ಅದಕ್ಕಿಂತ ತಗ್ಗು. ನೀವು ನೀರನ್ನು ಹೊಲಕ್ಕೆ ಬಿಟ್ಟಿರಿ, ಅವರು ಹೊಲದಿಂದ ಮೇಲೆತ್ತಿ ಕಾಲುವೆಗೆ ಹಾಕಿ, ಅಲ್ಲಿಂದ ಸಮುದ್ರಕ್ಕೆ ಪಂಪ್ ಮಾಡುತ್ತಾರೆ.

ಇನ್ನೊಂದು ಸಂಗತಿ ನಿಮಗೆ ಇಷ್ಟವಾಗಬಹುದು. ಹೆಪ್ಪಿನವರು ಹೇಳಿದ ಈಸ್ಟ್ ಕಾರ್ಖಾನೆ ನೂರು ವರ್ಷದ ಹತ್ತಿರ ಅಂತರ್ಜಲ ಎತ್ತುತ್ತಿತ್ತು. ಒಂದು ದಿನ ಅವರಿಗೆ ಅಷ್ಟು ನೀರು ಬೇಡವಾಯಿತು. ಆದರೆ ನಿಲ್ಲಿಸುವ ಹಾಗಿಲ್ಲ! ಒಮ್ಮೆಲೇ ನಿಲ್ಲಿಸಿದರೆ ನೆಲದ ನೀರು ಏರಿ, ಮಣ್ಣು ಉಬ್ಬಿ, ಮನೆಗಳಿಗೆ ಪೆಟ್ಟು. ಅದಕ್ಕೆ ಯಾರಿಗೂ ಬೇಡದ ನೀರನ್ನು ಸಾರ್ವಜನಿಕ ದುಡ್ಡಿನಲ್ಲಿ ವರ್ಷಗಟ್ಟಲೆ ಎತ್ತುತ್ತಾ, ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತಾ ಬಂದರು.

ನೀರಾವರಿ ನಿವೃತ್ತ:

ನಮ್ಮಲ್ಲಿ ಕೊನೇ ಭಾಗದ ರೈತರಿಗೆ ನೀರು ಮುಟ್ಟುವುದಿಲ್ಲ ಅಂತ ಜಗಳ ಬಿಡಿಸಿ ಬಿಡಿಸಿ ತಲೆ ಕೂದಲು ಹಣ್ಣಾಯಿತು. ಬೇಡದ ನೀರಿಗೆ ದುಡ್ಡು ಕಟ್ಟುವ ಊರೂ ಇದೆಯಾ? ಮಗಳಿಗೆ ಓದಿ ಹೇಳಿದೆ. ಅವಳಿಗೆ ಗೊತ್ತಿತ್ತಂತೆ.

ಮನೆಯವರು ಈಗಾಗಲೇ ಅರ್ಧ ಕೆಜಿ ಕಾಳುಮೆಣಸು ಒಣಗಿಸಿ ಕಟ್ಟಿಟ್ಟಿದ್ದಾರೆ. ತೀರ್ಥಹಳ್ಳಿಯ ತವರುಮನೆಯದು. ಜತೆಗೆ ಏನು ತರಬೇಕು?

ಮಲ್ನಾಡ್ ಮಳೆ:

ಕೊಡೆ ಮಾತ್ರ ತರಬೇಡಿ. ಅಲ್ಲಿನ ಗಾಳಿಗೆ ನನ್ನವು ನಾಲ್ಕು ಮುರಿದವು. ಟೋಪಿ ಇರುವ ಒಳ್ಳೆ ರೇನ್‌ಕೋಟ್ ತನ್ನಿ, ಇಬ್ಬರಿಗೂ. ಮತ್ತೆ ಗುರುವಾರ ಚೌಕದಲ್ಲಿ ಸಂತೆ. ಅದನ್ನು ತಪ್ಪಿಸಬೇಡಿ.